ಏಪ್ರಿಲ್‌ನಲ್ಲಿ ಬನ್ನಿ

ಶಾಲೆ ಶುರುವಾದ ಮೊದಲ ವಾರದಲ್ಲಿ ಯಾವ ಮಗು ಯಾವ ದಾರಿ ಹಿಡಿದು ಬಂತು ಎಂಬುದನ್ನು ನಮ್ಮೂರಲ್ಲಿ ನಾಲಿಗೆ ನೋಡಿಯೇ ಹೇಳಬಹುದು. ನಾಲಿಗೆ ನೀಲಿಗಟ್ಟಿದ್ದರೆ ಹೊಳೆಯಂಚಿನ ದಾರಿ. ಅಲ್ಲಿ ನೇರಳೆ ಮರಗಳು ಒತ್ತೊತ್ತಾಗಿವೆ. ತುಟಿಯಂಚಿಗೆ ಹಲಸಿನ ಮೇಣ ಅಂಟಿದ್ದರೆ ಮೇಲಿನ ಕೇರಿ. ಸಮವಸ್ತ್ರದ ಎದೆಯ ಮೇಲೆ ಕಡುಗೆಂಪು ಕಲೆಯಿದ್ದರೆ ಕೊನೆಯ ಮುರುಗಲ ಹಣ್ಣು ಎಲ್ಲೋ ಇನ್ನೂ ಉಳಿದಿದೆ ಎಂದರ್ಥ. ಎಲ್ಲಿ ಎಂದು ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ನಾನು ಶಿರಸಿ ಸೀಮೆಯ ಅಡಿಕೆ ತೋಟದವ. ತೋಟಕ್ಕೂ ಸರಕಾರಿ ಶಾಲೆಗೂ ನಡುವೆ ಒಂದು ಅಗಳ, ಒಂದು ಬೇಲಿ, ಬೇಲಿಯಲ್ಲಿ ಮಕ್ಕಳೇ ಮಾಡಿಕೊಂಡ ಒಂದು ಕಿಂಡಿ. ಆ ಕಿಂಡಿಯನ್ನು ನಾನು ಮುಚ್ಚಿಸಲು ಹೋಗಿಲ್ಲ. ಚೆಂಡು ಬರುವುದು ಅಲ್ಲಿಂದ, ಸುದ್ದಿ ಬರುವುದೂ ಅಲ್ಲಿಂದ. ಶಾಲೆಯಲ್ಲಿ ತರಗತಿಯ ಬಾಗಿಲ ಬಳಿ ಒಂದು ತೆಂಗಿನ ಗರಟೆ ಇಟ್ಟಿದ್ದಾರೆ ಎಂಬ ಸುದ್ದಿಯೂ ಆ ಕಿಂಡಿಯಲ್ಲೇ ನುಸುಳಿ ಬಂತು. ಗಣಿತ ಕಲಿಸುವ ಅಕ್ಕೋರು ಇಟ್ಟದ್ದು. ನೇರಳೆ ಹಣ್ಣು ತಿನ್ನುತ್ತ ಒಳಗೆ ಬರಬಾರದು ಎಂದು ಹೇಳಿ ಹೇಳಿ ಸೋತು, ಕೊನೆಗೆ ಅವರು, 'ತಿನ್ನಿ, ಆದರೆ ಬೀಜ ಉಗಿಯೋದು ಇದರಲ್ಲಿ' ಎಂದರಂತೆ. ನಾಲ್ಕು ದಿನಕ್ಕೆ ಗರಟೆ ತುಂಬಿತು. ತುಂಬಿದ ಗರಟೆಯನ್ನು ಏನು ಮಾಡುವುದು ಎಂಬ ಪ್ರಶ್ನೆಯಿಂದ ಹುಟ್ಟಿದ್ದು ಶಾಲೆಯ ಈಗಿನ ವನ. ಇಲಾಖೆಯ ಸುತ್ತೋಲೆಗೂ ಅದಕ್ಕೂ ಸಂಬಂಧವಿಲ್ಲ.

ನೇರಳೆ ಬೀಜದ ಸ್ವಭಾವವೇ ಹಾಗೆ, ಅದಕ್ಕೆ ಕಾಯುವ ತಾಳ್ಮೆಯಿಲ್ಲ. ರಾಗಿ, ಭತ್ತದ ಹಾಗೆ ಒಣಗಿಸಿ, ಡಬ್ಬಿಗೆ ತುಂಬಿ, ಬೇಕಾದಾಗ ಬಿತ್ತುತ್ತೇನೆ ಎಂದರೆ ಅದು ಒಪ್ಪುವುದಿಲ್ಲ. ಹಣ್ಣಿನಿಂದ ಹೊರಬಿದ್ದ ಎರಡು ಮೂರು ವಾರದೊಳಗೆ ಮಣ್ಣು ಸೇರಬೇಕು, ಒಣಗಿತೋ, ಸತ್ತಿತು. ಹಲಸಿನದೂ ಮಾವಿನದೂ ಇದೇ ಕತೆ. ಮಳೆಗಾಲದ ಹೊಸ್ತಿಲಲ್ಲಿ ಹಣ್ಣಾಗಿ, ಉದುರಿ, ಹಸಿ ನೆಲದಲ್ಲಿ ಕೂಡಲೇ ಮೊಳೆಯುವ ಮರಗಳಿವು. ಶಾಲೆಯ ವೇಳಾಪಟ್ಟಿ ಮಾಡಿದವರು ನೇರಳೆ ಮರವನ್ನು ಕೇಳಿ ಮಾಡಿರಲಿಕ್ಕಿಲ್ಲ. ಆದರೂ ಮೇ ಕೊನೆಗೆ ಶಾಲೆ ತೆರೆಯುವುದಕ್ಕೂ, ನೇರಳೆ ಕಪ್ಪಾಗುವುದಕ್ಕೂ, ಮೃಗಶಿರಾ ಮಳೆ ಹಿಡಿಯುವುದಕ್ಕೂ ಇಂಥ ತಾಳ ಕೂಡಿಬಂದಿದೆಯೆಂದರೆ, ಊರಿನ ಮರಗಳನ್ನು ಊರಿನ ಮಕ್ಕಳೇ ಬಿತ್ತಲಿ ಎಂದು ಯಾರೋ ಗೊತ್ತುಮಾಡಿಟ್ಟ ಹಾಗೆಯೇ ಇದೆ.

ಗರಟೆಯ ಬೀಜಗಳನ್ನು ಅಕ್ಕೋರು ಕೊಟ್ಟೆಗಳಿಗೆ ಹಾಕಿಸಿದರು. ಹಾಲಿನ ಕೊಟ್ಟೆ, ಎಣ್ಣೆಯ ಕೊಟ್ಟೆ, ಬಿಸಿಯೂಟಕ್ಕೆ ಬಂದ ಬೇಳೆಯ ಕೊಟ್ಟೆ, ಯಾವುದಾದರೂ ಆದೀತು. ಅಡಿಗೆ ನಾಲ್ಕು ತೂತು, ಒಳಗೆ ಬೆಟ್ಟದ ಮಣ್ಣು ಮತ್ತು ಸಗಣಿ ಗೊಬ್ಬರ. ಕೆಲವು ದಿನಗಳ ಮೇಲೆ ಐದನೆಯ ತರಗತಿಯ ಹುಡುಗಿಯೊಬ್ಬಳು ಕಿಂಡಿಯಲ್ಲಿ ತಲೆ ತೂರಿಸಿ, 'ಅಜ್ಜಾ, ನನ್ನ ಕೊಟ್ಟೆಯಲ್ಲಿ ಒಂದೇ ಬೀಜ ಹಾಕಿದ್ದು, ಮೂರು ಗಿಡ ಬಂದದೆ' ಎಂದಳು. ಪಕ್ಕದಲ್ಲಿದ್ದ ಹುಡುಗ, 'ಸುಳ್ಳು, ಇವಳು ಮೂರು ಬೀಜ ಹಾಕಿದ್ದು' ಎಂದ. ಕಳ್ಳತನದ ಆರೋಪ ಹೊತ್ತ ಮುಖದಲ್ಲಿ ಅವಳು ನನ್ನನ್ನು ನೋಡಿದಳು. ತೀರ್ಪು ಅವಳ ಕಡೆಗೇ ಹೋಯಿತು. ನೇರಳೆಯ ಒಂದೇ ಬೀಜದೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದುಂಟು. ಎರಡು ಮೂರು ಮೊಳಕೆ ಒಟ್ಟಿಗೆ ಬರುವುದು ಅದಕ್ಕೆ ಮಾಮೂಲು. ಹುಡುಗಿ ಮೂರನ್ನೂ ಬಿಡಿಸಿ ಬೇರೆ ಬೇರೆ ನೆಟ್ಟಳು. ಅವುಗಳಲ್ಲಿ ದೊಡ್ಡದು ಯಾವುದು ಎಂದು ದಿನವೂ ಗೇಣು ಹಾಕಿ ಅಳೆಯುವ ಕೆಲಸ ಗಣಿತದ ತರಗತಿಗೆ ಸೇರಿಕೊಂಡಿತು.

ಎಲ್ಲ ಬೀಜಗಳೂ ಇಷ್ಟು ಅವಸರದವಲ್ಲ. ಕಕ್ಕೆಯ ಬೀಜ ಇದಕ್ಕೆ ತದ್ವಿರುದ್ಧ. ಮೊಳದುದ್ದದ ಕಪ್ಪು ಕೋಲುಗಳನ್ನು ಒಡೆದರೆ ಒಳಗೆ ಬಿಲ್ಲೆ ಬಿಲ್ಲೆಯಾಗಿ ಕೋಣೆಗಳು, ಪ್ರತಿ ಕೋಣೆಯಲ್ಲಿ ಒಂದೊಂದು ಗಟ್ಟಿ ಬೀಜ. ಹಾಗೆಯೇ ಮಣ್ಣಿಗೆ ಹಾಕಿದರೆ ಅದು ಮಿಸುಕಾಡುವುದೂ ಇಲ್ಲ. ಕಾಡಿನಲ್ಲಾದರೆ ನರಿಯೋ ಕರಡಿಯೋ ತಿಂದು, ಹೊಟ್ಟೆಯಲ್ಲಿ ಅದರ ಸೊಕ್ಕು ಮುರಿದು, ಹೊರಹಾಕಬೇಕು. ಶಾಲೆಯಲ್ಲಿ ಕರಡಿಯ ಕೆಲಸವನ್ನು ಏಳನೆಯ ತರಗತಿಯವರಿಗೆ ವಹಿಸಿದರು. ಮೆಟ್ಟಿಲಿನ ಕಲ್ಲಿಗೆ ಬೀಜ ತಿಕ್ಕಿ ತಿಕ್ಕಿ ಸಿಪ್ಪೆ ಸವೆಸುವುದು, ರಾತ್ರಿಯಿಡೀ ನೀರಲ್ಲಿ ನೆನೆಸುವುದು, ಬೆಳಿಗ್ಗೆ ಉಬ್ಬಿದವನ್ನು ಆರಿಸಿ ಬಿತ್ತುವುದು. ಅಂಟುವಾಳಕ್ಕೂ ಇದೇ ಉಪಚಾರ. ಆದರೆ ಅಂಟುವಾಳದ ನುಣುಪಾದ ಕರಿ ಬೀಜಗಳಲ್ಲಿ ಅರ್ಧದಷ್ಟು ಮಣ್ಣು ಸೇರುವ ಮೊದಲೇ ಗೋಲಿಯಾಟಕ್ಕೆ ಸಂದಾಯವಾದವು. ಅದನ್ನು ನಷ್ಟವೆಂದು ಬರೆದುಕೊಳ್ಳಬೇಕಿಲ್ಲ. ಸೋತವನು ಬೇಸರದಲ್ಲಿ ಅಗಳಕ್ಕೆ ಎಸೆದ ಬೀಜವೊಂದು ನನ್ನ ತೋಟದ ಬದಿಯಲ್ಲಿ ಈಗ ಆಳೆತ್ತರ ಎದ್ದಿದೆ.

ಇದಕ್ಕೂ ಮೊದಲು ಶಾಲೆಯಲ್ಲಿ ಗಿಡ ಇರಲಿಲ್ಲವೇ? ಇದ್ದವು, ಸಾಲಾಗಿ, ನೆಟ್ಟಗೆ, ಅಕೇಶಿಯಾ. ನಮ್ಮ ಕಡೆ ಬೋಳು ಗುಡ್ಡ ಕಂಡಲ್ಲೆಲ್ಲ ಅದನ್ನು ನೆಟ್ಟ ಕಾಲವೊಂದಿತ್ತು. ಆಸ್ಟ್ರೇಲಿಯಾದ ಉತ್ತರ ತುದಿ, ಪಪುವಾ ನ್ಯೂಗಿನಿಗಳ ಕಡೆಯ ಮರ. ಅದನ್ನು ಬೈಯುವುದು ಈಗ ಫ್ಯಾಷನ್ನು. ನಾನೂ ಬೈಯುತ್ತೇನೆ, ಆದರೆ ಅದರ ಪಾಲಿನದ್ದು ಅದಕ್ಕೆ ಕೊಟ್ಟು ಬೈಯಬೇಕು. ಏನೂ ಬೆಳೆಯದ ಮುರಕಲ್ಲಿನ ನೆಲದಲ್ಲಿ ಅದು ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಒಲೆಗೆ ಸೌದೆಯಾಗುತ್ತದೆ. ಇನ್ನೂ ಒಂದು ಸ್ವಾರಸ್ಯ ಅದರಲ್ಲಿದೆ. ನಾವು ಅದರ ಎಲೆ ಎಂದುಕೊಂಡಿರುವುದು ಎಲೆಯೇ ಅಲ್ಲ. ಹೊಸದಾಗಿ ಹುಟ್ಟಿದ ಅಕೇಶಿಯಾ ಸಸಿಯನ್ನು ಬಗ್ಗಿ ನೋಡಿದರೆ ಮೊದಲಿಗೆ ನಾಚಿಕೆಮುಳ್ಳಿನ ಜಾತಿಗೆ ತಕ್ಕ ಸಣ್ಣ ಸಣ್ಣ ಗರಿಯೆಲೆಗಳೇ ಬರುತ್ತವೆ. ಆಮೇಲೆ ಎಲೆಯ ತೊಟ್ಟೇ ಚಪ್ಪಟೆಯಾಗಿ, ಕುಡುಗೋಲಿನಂತೆ ಬಾಗಿ, ಎಲೆಯ ಉದ್ಯೋಗ ಹಿಡಿಯುತ್ತದೆ. ನಿಜವಾದ ಎಲೆ ನಾಪತ್ತೆ. ಒಂದೇ ಸಸಿಯಲ್ಲಿ ಎರಡೂ ಇರುವ ಹಂತವನ್ನು ಮಕ್ಕಳಿಗೆ ತೋರಿಸಿದರೆ ಅವರು ದಂಗಾಗುತ್ತಾರೆ.

ಅದರ ದೋಷವಿರುವುದು ನೆರಳಿನ ಕೆಳಗೆ. ಚರ್ಮದಂಥ ಆ ತೊಟ್ಟೆಲೆಗಳು ಬೇಗ ಕೊಳೆಯುವುದಿಲ್ಲ. ಪದರ ಪದರವಾಗಿ ಬಿದ್ದುಕೊಂಡಿರುತ್ತವೆ. ಆ ದರಕಿನ ಮೇಲೆ ನಡೆದರೆ ಚರಚರ ಸದ್ದು ಬರುತ್ತದೆಯೇ ಹೊರತು ಕಾಲಿಗೊಂದು ಹುಲ್ಲು ತಾಗುವುದಿಲ್ಲ. ಮಕ್ಕಳ ಲೆಕ್ಕಾಚಾರ ಇನ್ನೂ ನೇರ. ಅದರಲ್ಲಿ ತಿನ್ನುವ ಹಣ್ಣಿಲ್ಲ. ಮುಡಿಯುವ ಹೂವಿಲ್ಲ. ಮರಕೋತಿ ಆಡಲು ಬಗ್ಗಿದ ಟೊಂಗೆಯಿಲ್ಲ. ಹಣ್ಣಿಲ್ಲದ್ದರಿಂದ ಮಂಗಟ್ಟೆ ಹಕ್ಕಿಯೂ ಬರುವುದಿಲ್ಲ. ಅಷ್ಟು ವರ್ಷ ಶಾಲೆಯ ಅಂಗಳದಲ್ಲಿದ್ದರೂ ಆ ಮರಗಳ ಮೇಲೆ ಒಬ್ಬ ಹುಡುಗನೂ ತನ್ನ ಹೆಸರು ಕೆತ್ತಿರಲಿಲ್ಲ. ಮರವೊಂದಕ್ಕೆ ಇದಕ್ಕಿಂತ ಅವಮಾನ ಬೇಕೇ?

ನಮ್ಮ ತಾಲ್ಲೂಕಿನಲ್ಲಿ ಈ ಮಾತು ಹೊಸದಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಸುತ್ತಲಿನ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತದ್ದು ಇದೇ ಕಾರಣಕ್ಕೆ. ನೂರೆಂಟು ಜಾತಿಯ ಮರಗಳಿದ್ದ ಕಾಡನ್ನು ಕಡಿದು, ಒಂದೇ ಜಾತಿಯ ಸಾಲು ನೆಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಆ ಅಪ್ಪಿಕೊ ಚಳವಳಿ ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಊರೂರಿಗೆ ತಲುಪಿಸಿತು. ಆಗ ಮರ ಅಪ್ಪಿದವರ ಮೊಮ್ಮಕ್ಕಳು ಈಗ ಈ ಬೆಂಚುಗಳಲ್ಲಿ ಕೂತಿದ್ದಾರೆ. ಪರಿಸರ ಅಧ್ಯಯನದ ಪುಸ್ತಕದಲ್ಲಿ ಚಿಪ್ಕೊ ಬಾಯಿಪಾಠ ಮಾಡುವ ಮಗುವಿಗೆ ತನ್ನಜ್ಜಿಯನ್ನೇ ಕೇಳಿದರೆ ಅಪ್ಪಿಕೊ ಸಿಕ್ಕೀತು ಎಂಬುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಇನ್ನು ವನಮಹೋತ್ಸವ. 1950ರಲ್ಲಿ ಕೇಂದ್ರದ ಕೃಷಿ ಮತ್ತು ಆಹಾರ ಮಂತ್ರಿಯಾಗಿದ್ದ ಕೆ.ಎಂ. ಮುನ್ಷಿಯವರು ಶುರುಮಾಡಿದ ಹಬ್ಬ. ಜುಲೈ ಮೊದಲ ವಾರ. ನಮ್ಮ ಕಡೆಗೆ ಆ ವಾರದಲ್ಲಿ ಆರಿದ್ರಾ ಮುಗಿದು ಪುನರ್ವಸು ಹಿಡಿಯುತ್ತದೆ, ಗಿಡ ನೆಡುವುದಕ್ಕೆ ಅಡ್ಡಿಯಿಲ್ಲದ ಕಾಲ. ಹಬ್ಬದ ಮೇಲೆ ನನ್ನ ತಕರಾರಿಲ್ಲ, ಹಬ್ಬ ಅಂದಮೇಲೆ ಹೋಳಿಗೆ, ಭಾಷಣ, ಫೋಟೊ ಎಲ್ಲ ಇರಬೇಕಾದದ್ದೇ. ಗಣ್ಯರ ಕೈಗೆ ಸಸಿ ಕೊಟ್ಟು, ಅವರ ತಲೆಯ ಮೇಲೆ ಕೊಡೆ ಹಿಡಿದು, ಉಂಬಳ ಹತ್ತಿದ ಕಾಲನ್ನು ಕೆರೆದುಕೊಳ್ಳುತ್ತ ಮಕ್ಕಳು ಸಾಲಾಗಿ ನಿಲ್ಲುವುದನ್ನು ಬೇಲಿಯಾಚೆಯಿಂದ ನೋಡುವುದು ನನಗೂ ಖುಷಿಯೇ. ಎಷ್ಟೋ ಶಾಲೆಗಳಲ್ಲಿ ಮಾತ್ರ ಗುಂಡಿ ಹಳೆಯದು, ಗಿಡ ಹೊಸದು. ಹೋದ ವರ್ಷದ ಗುಂಡಿಗೇ ಈ ವರ್ಷದ ಸಸಿ; ಹೋದ ವರ್ಷದ ಸಸಿ ಎಲ್ಲಿ ಎಂದು ಹಬ್ಬದ ದಿನ ಕೇಳುವುದು ಶಿಷ್ಟಾಚಾರವಲ್ಲ.

ಈ ಜಿಲ್ಲೆಯವರೇ ಆದ ತುಳಸಿ ಗೌಡರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಹೆಂಗಸು, ಶಾಲೆ ಕಲಿತವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದಶಕಗಟ್ಟಲೆ ದುಡಿದರು. ಯಾವ ಕಾಡಿನಲ್ಲಿ ಯಾವ ಮರ ತಾಯಿಮರ, ಅದರ ಬೀಜ ಯಾವ ತಿಂಗಳು ಬಲಿಯುತ್ತದೆ, ಬಿದ್ದ ಎಷ್ಟು ದಿನದೊಳಗೆ ಆರಿಸಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. 2021ರಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಜನ ಅವರ ಬರಿಗಾಲನ್ನು ಕೊಂಡಾಡಿದಷ್ಟು ಅವರ ಬೀಜಜ್ಞಾನವನ್ನು ಕೇಳಿ ಬರೆದುಕೊಳ್ಳಲಿಲ್ಲ ಎಂಬುದು ನನ್ನ ಅನಿಸಿಕೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ವಿಷಯದಲ್ಲೂ ಹಾಗೇ. ಆಲದ ಗಿಡ ನೆಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಗಂಡ ಹೆಂಡತಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದು ನೀರು ಹಾಕಿದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು ಭಾಷಣದಲ್ಲಿ ಅರ್ಧ ವಾಕ್ಯವಾಗಿ ಹೋಗುತ್ತದೆ. ಕೆಲಸವೆಲ್ಲ ಆ ಅರ್ಧ ವಾಕ್ಯದಲ್ಲೇ ಇತ್ತು.

ಶಾಲೆಯ ಗಿಡಕ್ಕೆ ಇರುವ ಕಷ್ಟಗಳನ್ನು ಬೇರೆ ಗಿಡಗಳಿಗೆ ಹೇಳಿದರೆ ನಂಬಲಿಕ್ಕಿಲ್ಲ. ಮೊದಲನೆಯದು ನೆಲ. ಮಲೆನಾಡಿನಲ್ಲಿ ಶಾಲೆ ಕಟ್ಟುವುದೆಂದರೆ ಗುಡ್ಡದ ಒಂದು ಬದಿ ಕಡಿದು ಮಟ್ಟ ಮಾಡುವುದು. ಮೇಲಿನ ಒಳ್ಳೆಯ ಮಣ್ಣು ಇಳಿಜಾರು ತುಂಬಲಿಕ್ಕೆ ಹೋಗುತ್ತದೆ. ಅಂಗಳದಲ್ಲಿ ಉಳಿಯುವುದು ಹಾರೆ ಹಾಕಿದರೆ ಟಣ್ಣೆನ್ನುವ ಮುರ. ಅಲ್ಲಿ ಅಂಗೈಯಗಲದ ಗುಂಡಿ ತೋಡಿ ಸಸಿ ಇಟ್ಟರೆ ಮಳೆಗಾಲದಲ್ಲಿ ಬೇರು ನೀರಲ್ಲಿ ಕೊಳೆಯುತ್ತದೆ, ಬೇಸಿಗೆಯಲ್ಲಿ ಕಾದ ಹಂಚಿನ ಮೇಲೆ ಹುರಿಯುತ್ತದೆ. ಸೊಂಟದಾಳದ ಗುಂಡಿ ಬೇಕು. ಅದನ್ನು ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು. ಬೆಟ್ಟದ ಮರಗಳ ಬುಡದಿಂದ ಒಂದೆರಡು ಹೆಡಿಗೆ ಮಣ್ಣು ತಂದು ಬೆರೆಸಬೇಕು. ಮರದ ಬೇರಿಗೆ ಬೇಕಾದ ಶಿಲೀಂಧ್ರಗಳು ಆ ಕಪ್ಪು ಮಣ್ಣಿನಲ್ಲಿರುತ್ತವೆ, ಚೀಲದ ಗೊಬ್ಬರದಲ್ಲಿರುವುದಿಲ್ಲ.

ಎರಡನೆಯ ಕಷ್ಟ ಕ್ರಿಕೆಟ್ಟು. ದನ ಕಡೆಪಕ್ಷ ಹಸಿವೆಯಾದಾಗ ಬರುತ್ತದೆ. ಎದೆಯೆತ್ತರದ ಒಂದು ಸಸಿ, ಅದರ ಮಗ್ಗುಲಲ್ಲಿ ಆಧಾರಕ್ಕೆ ಹುಗಿದ ಎರಡು ಬಿದಿರ ಗಳ, ಇಷ್ಟು ಒಟ್ಟಿಗೆ ಕಂಡರೆ ಯಾವ ಹುಡುಗನಿಗಾದರೂ ವಿಕೆಟ್ಟೇ ಕಾಣುವುದು. ಜಾತ್ರೆಯ ಕಾಲಕ್ಕೆ ಕಬಡ್ಡಿ ಪಂದ್ಯ, ಸುಗ್ಗಿ ಮುಗಿದ ಮೇಲೆ ಯಕ್ಷಗಾನ. ಬಯಲಾಟದ ರಂಗಸ್ಥಳದ ಹಗ್ಗವನ್ನು ಬಿಗಿಯಲು ಪಕ್ಕದಲ್ಲಿ ಗಿಡವೊಂದಿದ್ದರೆ ಗೂಟ ಹೊಡೆಯುವ ಶ್ರಮ ಯಾರಿಗೆ ಬೇಕು? ಬೆಳಗಿನ ಜಾವ ಮಂಗಳ ಹಾಡಿ ಮೇಳ ಹೊರಡುವ ಹೊತ್ತಿಗೆ ಗಿಡದ ತೊಗಟೆ ಸುಲಿದಿರುತ್ತದೆ. ಭಾಗವತರ ಮೇಲೆ ನನಗೆ ಭಕ್ತಿಯಿದೆ, ಆದರೂ ಹೇಳಬೇಕಾದ್ದು ಹೇಳಲೇಬೇಕು.

ಆದ್ದರಿಂದ ಎಲ್ಲಿ ಯಾವ ಗಿಡ ಎಂಬುದನ್ನು ನಿರ್ಧರಿಸುವಾಗ ದೊಡ್ಡವರ ನಕ್ಷೆ ಕೆಲಸಕ್ಕೆ ಬರುವುದಿಲ್ಲ. ಹೆಡ್ ಮಾಸ್ತರು ಅಳತೆ ಟೇಪು ಹಿಡಿದು ಸಾಲು ಗುರುತು ಹಾಕಿಸಿದ್ದರು. ಮಕ್ಕಳು ಆ ಸುಣ್ಣದ ಗುರುತುಗಳ ಸುತ್ತ ನಿಂತು ಚರ್ಚೆ ಮಾಡಿದರು. ಲಗೋರಿ ಆಡುವ ಜಾಗ ಬಿಡಬೇಕು. ಚೆಂಡು ಹೋಗುವ ದಿಕ್ಕಿಗೆ ಮುಳ್ಳಿರುವ ಕವಳಿ ಬೇಡ. ನೀರು ಕುಡಿಯುವ ಟ್ಯಾಂಕಿನ ಹತ್ತಿರ ರಂಜಲು ಆದೀತು, ಹೂವು ಬಿದ್ದರೆ ಆರಿಸಬಹುದು. ಶೌಚಾಲಯದ ಗೋಡೆಗೆ ಹತ್ತಿರ ಅತ್ತಿ ಬೇಡ, ಬೇರು ಗೋಡೆ ಒಡೆಯುತ್ತದೆ. ಈ ಕೊನೆಯದು ಮೇಸ್ತ್ರಿಯ ಮಗಳು ಹೇಳಿದ್ದು, ಅಪ್ಪನ ಮಾತು. ನೇರಳೆಯನ್ನು ಬೇಲಿಯಂಚಿಗೆ ಸರಿಸಿದ್ದಕ್ಕೂ ಕಾರಣವಿತ್ತು. ನೇರಳೆ ಟೊಂಗೆ ಬೆಂಡು, ಎಚ್ಚರಿಸದೆ ಲಟಕ್ಕನೆ ಮುರಿಯುತ್ತದೆ, ಮರಕೋತಿಗೆ ಆಗುವುದಿಲ್ಲ. ಮರಕೋತಿಗೆ ಮಾವು. ಹಾಗೆ ಅಂಗಳದ ನಡುಮಧ್ಯದ ಗೌರವದ ಜಾಗ, ಹೆಡ್ ಮಾಸ್ತರು ಅಶೋಕಕ್ಕೆಂದು ಇಟ್ಟುಕೊಂಡದ್ದು, ಒಂದು ಅಪ್ಪೆಮಾವಿಗೆ ಹೋಯಿತು. ಮುಂದೆ ಯಾರು ಹತ್ತುತ್ತಾರೋ, ಇವರಂತೂ ಅಲ್ಲ. ಏಳನೆಯ ತರಗತಿ ದಾಟುವ ಹೊತ್ತಿಗೆ ಅದು ಇವರ ಭುಜದ ಮಟ್ಟಕ್ಕೆ ಬಂದರೆ ಹೆಚ್ಚು. ಇವರಿಗೆ ಅದು ಗೊತ್ತಿತ್ತು. ಆದರೂ ಟೊಂಗೆಯ ವಿಷಯಕ್ಕೆ ಅಷ್ಟು ಹೊತ್ತು ಜಗಳವಾಡಿದರು.

ಕಟ್ಟಡದ ಹಿಂದಿನದು ಕೈತೋಟದ ಲೋಕ. ಬಿಸಿಯೂಟ ಬಂದ ಮೇಲೆ ಶಾಲೆಗಳಲ್ಲಿ ಕೈತೋಟಕ್ಕೊಂದು ಅರ್ಥ ಬಂತು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಮಕ್ಕಳು ಊಟದ ಮೊದಲು, ಊಟದ ನಂತರ ಕೈ, ತಟ್ಟೆ ತೊಳೆಯುವ ಕಟ್ಟೆಯ ನೀರು ಸುಮ್ಮನೆ ಅಂಗಳದಲ್ಲಿ ಹರಿದು ಜಾರಿಕೆ ಮಾಡುತ್ತಿತ್ತು. ಈಗ ಅದಕ್ಕೊಂದು ಕಾಲುವೆ ಕಡಿದು ಬಾಳೆಯ ಬುಡಕ್ಕೂ, ಬಸಳೆ ಚಪ್ಪರಕ್ಕೂ, ನುಗ್ಗೆಗೂ ತಿರುಗಿಸಿದ್ದಾರೆ. ಅಡುಗೆಯ ಅಕ್ಕ ಸಾಂಬಾರಿಗೆ ಒಗ್ಗರಣೆ ಹಾಕಿ, ಎಣ್ಣೆ ಚಟಪಟ ಅನ್ನುತ್ತಿರುವಾಗಲೇ ಒಬ್ಬ ಹುಡುಗನನ್ನು ಓಡಿಸಿ ಕರಿಬೇವು ತರಿಸುತ್ತಾಳೆ. ಅಷ್ಟು ತಾಜಾ ಒಗ್ಗರಣೆ ನಮ್ಮ ಮನೆಯಲ್ಲೂ ಇಲ್ಲ.

ಕರಿಬೇವಿನ ಗಿಡದಲ್ಲೇ ಒಂದು ದಿನ ಜಗಳ ಹುಟ್ಟಿತು. ಚಿಗುರೆಲೆಗಳನ್ನು ಯಾರೋ ಅಂಚಿನಿಂದ ಕತ್ತರಿಸಿ ತಿಂದಿದ್ದರು. ನೋಡಿದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂದು ಬಿಳಿ ಚಿಕ್ಕೆಗಳು. ಒಬ್ಬ ಕಡ್ಡಿಯಿಂದ ಕೆರೆದ. ಹಿಕ್ಕೆ ಮಿಸುಕಾಡಿತು. ನಿಂಬೆ, ಕರಿಬೇವು ಜಾತಿಯ ಗಿಡಗಳಿಗೆ ಬರುವ ಚಿಟ್ಟೆಯ ಮರಿ ಅದು. ಚಿಕ್ಕದಿರುವಾಗ ಹಕ್ಕಿಯ ಕಣ್ಣಿಗೆ ಮಣ್ಣೆರಚಲು ಹಕ್ಕಿಯ ಹಿಕ್ಕೆಯದೇ ವೇಷ ಹಾಕುತ್ತದೆ. ದೊಡ್ಡದಾದ ಮೇಲೆ ವೇಷ ಬದಲಿಸಿ ಎಲೆಹಸಿರು. ಮತ್ತೆ ಮುಟ್ಟಿದರೆ ತಲೆಯ ಹಿಂದಿನಿಂದ ಸರ್ರನೆ ಎರಡು ಕವಲಿನ ಕೆಂಪು ಕೋಡು ಹೊರಚಾಚಿ, ಮೂಗು ಮುಚ್ಚುವ ಹುಳಿ ವಾಸನೆ ಬಿಡುತ್ತದೆ. ಆ ಕೋಡನ್ನು ನೋಡಲು ಶಾಲೆಗೆ ಶಾಲೆಯೇ ಸರದಿಯಲ್ಲಿ ನಿಂತು, ಪಾಪದ ಹುಳು ಕೋಡು ಚಾಚಿ ಚಾಚಿ ಸುಸ್ತಾಯಿತು. ಅಡುಗೆಯ ಅಕ್ಕ, 'ಹುಳ ತೆಗೆದು ಬಿಸಾಡ್ರೋ, ನಾಳೆ ಸಾಂಬಾರಿಗೆ ಏನು ಹಾಕ್ಲಿ?' ಎಂದಳು. ಅಕ್ಕೋರು ಎರಡೂ ಪಕ್ಷಕ್ಕೆ ಸಮ್ಮತವಾಗುವ ರಾಜಿ ಮಾಡಿಸಿದರು. ಬಾಗಿಲ ಕಡೆಯ ಗಿಡ ಸಾಂಬಾರಿಗೆ, ಗೋಡೆ ಕಡೆಯ ಗಿಡ ಹುಳುವಿಗೆ. ಹುಳುಗಳನ್ನು ಒಂದೊಂದಾಗಿ ಎತ್ತಿ ಗೋಡೆ ಕಡೆಗೆ ವರ್ಗಾವಣೆ ಮಾಡಲಾಯಿತು. ಒಂದು ಮಾತ್ರ ಯಾರದೋ ಕಂಪಾಸ್ ಪೆಟ್ಟಿಗೆಯೊಳಗೆ ಗೂಡು ಕಟ್ಟಿ, ಕೆಲವು ದಿನಗಳ ಮೇಲೆ ಸಮಾಜ ವಿಜ್ಞಾನದ ಪಾಠ ನಡೆಯುತ್ತಿರುವಾಗ ಕಪ್ಪು ರೆಕ್ಕೆ ಬಿಚ್ಚಿ ಕೂತಿತಂತೆ. ಆ ದಿನದ ಪಾಠ ಪೂರ್ತಿಯಾಗಲಿಲ್ಲ.

ನಮ್ಮ ನೆಲದ ಗಿಡ, ಪರನೆಲದ ಗಿಡ ಎಂದು ಗೆರೆ ಹಾಕಲು ಕೂತರೆ ಈ ಹಿತ್ತಿಲಲ್ಲೇ ಪೇಚಾಟ. ಬದನೆ, ಬಸಳೆ, ನುಗ್ಗೆ, ಕರಿಬೇವು, ತೊಗರಿ ನಮ್ಮವು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಪಪ್ಪಾಯಿ, ಪೇರಲೆ ಎಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಗೇರುಮರ ಬ್ರೆಜಿಲ್ಲಿನದು, ಪೋರ್ಚುಗೀಸರು ತಂದದ್ದು. ಅದಿಲ್ಲದ ಕರಾವಳಿಯನ್ನು ಊಹಿಸಲಿಕ್ಕೂ ಆಗದು. ಹುಣಸೆಯ ತವರು ಆಫ್ರಿಕ. ಎಲ್ಲರನ್ನೂ ಆಚೆ ಕಳಿಸಿ ಸಾಂಬಾರು ಮಾಡಿದರೆ ತೊಗರಿಬೇಳೆಯ ಕಟ್ಟು ಉಳಿದೀತು. ಗೇಟಿನ ಬಳಿ ಹಳೆಯದೊಂದು ಗುಲ್‌ಮೊಹರ್ ಇದೆ, ಮಡಗಾಸ್ಕರಿನದು. ಅದರ ಮೊಗ್ಗು ಬಿಡಿಸಿ, ಕೇಸರದ ತಲೆಗೆ ತಲೆ ಸಿಕ್ಕಿಸಿ ಎಳೆದು ಕೋಳಿಜಗಳ ಆಡದ ಬಾಲ್ಯ ಕರ್ನಾಟಕದಲ್ಲಿ ಎಷ್ಟಿದ್ದೀತು? ಅದನ್ನು ಕಡಿಯಿರಿ ಎಂದರೆ ನಾನೇ ಅಪ್ಪಿಕೊಂಡು ನಿಲ್ಲುತ್ತೇನೆ. ಹೊಸದಾಗಿ ನೆಡುವಾಗ ಮಾತ್ರ ನನ್ನ ಮತ ಊರಿನ ಮರಕ್ಕೇ. ಅದಕ್ಕೆ ಕಾರಣ ಅಭಿಮಾನವಲ್ಲ. ಕಕ್ಕೆಯ ಎಲೆ ತಿಂದು ಬೆಳೆಯುವ ಹಳದಿ ಚಿಟ್ಟೆಗೆ ಗುಲ್‌ಮೊಹರ್ ಊಟವಾಗುವುದಿಲ್ಲ. ಅತ್ತಿಯ ಕಾಯೊಳಗೆ ಹೊಕ್ಕು ಪರಾಗ ತಲುಪಿಸುವ ಸಾಸಿವೆಗಿಂತ ಸಣ್ಣ ಕಣಜಕ್ಕೆ ಅತ್ತಿಯೇ ಬೇಕು; ಆಲಕ್ಕೆ ಬೇರೆ ಕಣಜ, ಅರಳಿಗೆ ಬೇರೆ. ಈ ಸಂಬಂಧಗಳು ಬೆಳೆಯಲು ಹಿಡಿದ ಕಾಲ ನಮ್ಮ ಲೆಕ್ಕಕ್ಕೆ ಸಿಗುವುದಲ್ಲ.

ಈಗ ಬೇಸಿಗೆಗೆ ಬರೋಣ. ಇಷ್ಟೆಲ್ಲ ಹೇಳಿದ್ದು ಇದಕ್ಕಾಗಿಯೇ.

ಏಪ್ರಿಲ್ ಹತ್ತು ಹನ್ನೊಂದರ ಹೊತ್ತಿಗೆ ಶಾಲೆಗೆ ಬೀಗ ಬೀಳುತ್ತದೆ. ನೆಟ್ಟು ಒಂಬತ್ತು ತಿಂಗಳಾದ ಸಸಿಯ ಬೇರು ಇನ್ನೂ ಆಳದ ತೇವಕ್ಕೆ ತಲುಪಿರುವುದಿಲ್ಲ. ಇಷ್ಟು ದಿನ ತಟ್ಟೆ ತೊಳೆದ ನೀರಾದರೂ ಬರುತ್ತಿತ್ತು. ಊಟವಿಲ್ಲ, ಆದ್ದರಿಂದ ಅದೂ ಇಲ್ಲ. ಗೇಟು ಹಾಕುವವರಿಲ್ಲ, ದನಗಳಿಗೆ ಹಬ್ಬ. ಮುಂದಿನ ಏಳು ವಾರ ಅಂಗಳದ ಮುರ ಕಾಯುತ್ತದೆ. ಶಾಲೆಯ ಗಿಡಗಳು ಸಾಯುವುದು ಈ ಏಳು ವಾರದಲ್ಲಿ. ಮಕ್ಕಳು ತಿರುಗಿ ಬಂದಾಗ ಒಣಗಿದ ಕಡ್ಡಿಯೂ ಇರುವುದಿಲ್ಲ, ಅದು ಯಾರದೋ ಬಚ್ಚಲೊಲೆ ಸೇರಿರುತ್ತದೆ. ಆಮೇಲೆ ಜುಲೈ, ಅದೇ ಗುಂಡಿ.

ನಮ್ಮ ಶಾಲೆಯ ಅಕ್ಕೋರು ಇದಕ್ಕೆ ಮಾರ್ಚಿನಲ್ಲೇ ಸಿದ್ಧತೆ ಶುರುಮಾಡುತ್ತಾರೆ. ಪ್ರತಿ ಗಿಡದ ಬುಡಕ್ಕೆ ಗೇಣೆತ್ತರ ದರಕು. ಅದು ಗಾಳಿಗೆ ಹಾರದಂತೆ ಮೇಲೆ ಅಡಿಕೆ ಹಾಳೆ, ಹಾಳೆಯ ಮೇಲೊಂದು ಕಲ್ಲು. ಅಕೇಶಿಯಾದ ಕೊಳೆಯದ ಎಲೆಗೆ ಕೊನೆಗೂ ಒಂದು ಉಪಯೋಗ ಸಿಕ್ಕಿದ್ದು ಇಲ್ಲಿ. ಅಪ್ಪೆಮಾವಿನ ಪಕ್ಕದಲ್ಲಿ ಕುತ್ತಿಗೆಯವರೆಗೆ ಹುಗಿದ ಒಂದು ಮಣ್ಣಿನ ಮಡಕೆ. ವಾರಕ್ಕೆರಡು ಸಲ ತುಂಬಿ ಬಾಯಿ ಮುಚ್ಚಿದರೆ ನೀರು ಜಿನುಗಿ ನೇರ ಬೇರಿಗೇ ಹೋಗುತ್ತದೆ, ಸೂರ್ಯನ ಪಾಲಿಗೆ ಏನೂ ಸಿಗುವುದಿಲ್ಲ. ನೀರಿನ ಮೂಲ ನನ್ನ ಬಾವಿ. 'ಅಣ್ಣಾ, ರಜೆಯಲ್ಲಿ ನಿಮ್ಮ ಬಾವಿ ನೀರು ಸಿಗ್ತದಾ?' ಎಂದು ಅವರು ಕೇಳಿದಾಗ ಬೇಲಿಯ ಕಿಂಡಿ ಒಂದಿಷ್ಟು ದೊಡ್ಡದಾಯಿತು.

ಗೋಡೆಯ ಮೇಲೆ ಸರದಿಯ ಪಟ್ಟಿ ಅಂಟಿಸುತ್ತಾರೆ. ಪಟ್ಟಿ ಕಾಗದದ ಮೇಲೆ ಮಾತ್ರ; ನಿಜವಾದ ವ್ಯವಹಾರ ಕೊನೆಯ ದಿನ ಮರಗಳ ಬುಡದಲ್ಲಿ ನಡೆಯುತ್ತದೆ. ಅಜ್ಜನ ಮನೆಗೆ ಹೊರಟವರು ಊರಲ್ಲೇ ಉಳಿಯುವವರಿಗೆ ಗಿಡ ಒಪ್ಪಿಸಬೇಕಲ್ಲ. ಮೂರು ಮೊಳಕೆಯ ನೇರಳೆ ಹುಡುಗಿ ತನ್ನ ಮೇಲೆ ಆರೋಪ ಹೊರಿಸಿದ್ದ ಅದೇ ಹುಡುಗನ ಹತ್ತಿರ ಕರಾರು ಮಾಡಿಕೊಳ್ಳುತ್ತಿದ್ದಳು.

'ಒಂದೊಂದಕ್ಕೆ ಎರಡೆರಡು ತಂಬಿಗೆ. ಸಂಜೆಗೇ ಹಾಕಬೇಕು, ಬಿಸಿಲಲ್ಲಿ ಹಾಕಬಾರ್ದು.'

'ನಂಗೇನು ಸಿಗ್ತದೆ?'

'ಬರುವಾಗ ಹುಣಸೆ ಚಿಗಳಿ ತರ್ತೇನೆ.'

'ಎಷ್ಟು?'

'ಗಿಡಕ್ಕೊಂದು. ಬದುಕಿದ ಗಿಡಕ್ಕೆ ಮಾತ್ರ.'

ಗಿಡ ನೆಡುವ ಯೋಜನೆಗಳಿಗೆ ಹಣ ಕೊಡುವವರೆಲ್ಲ ಈ ಕೊನೆಯ ಷರತ್ತನ್ನು ಓದಿಕೊಳ್ಳಬೇಕು. ನೆಟ್ಟದ್ದಕ್ಕೆ ಲೆಕ್ಕವಿಲ್ಲ, ಬದುಕಿದ್ದಕ್ಕೆ ಚಿಗಳಿ. ಆ ಬೇಸಿಗೆಯಲ್ಲಿ ಹುಡುಗನಿಗೆ ಎರಡು ಚಿಗಳಿ ಸಿಕ್ಕಿತು. ಮೂರನೆಯದನ್ನು ಗೆದ್ದಲು ತಿಂದಿತ್ತು. ಗೆದ್ದಲಿಗೆ ತಾನು ಜವಾಬ್ದಾರನಲ್ಲ ಎಂದು ಅವನು ವಾದಿಸಿದ, ಅವಳು ಸೋಲಲಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. ಅಕ್ಕೋರಿಗೆ ಇವತ್ತಲ್ಲ ನಾಳೆ ವರ್ಗವಾಗುತ್ತದೆ. ನಮ್ಮ ಕಡೆಯ ಸರಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. ಬಾಗಿಲು ಹಾಕಿದ ಶಾಲೆಗಳ ಅಂಗಳದಲ್ಲಿ ಮರ ಮಾತ್ರ ನಿಂತಿರುವುದನ್ನು ಕಂಡಿದ್ದೇನೆ. ಸುರಗಿಯಂಥ ನಿಧಾನದ ಮರ ನೆಟ್ಟಿದ್ದಾರೆ. ಫಾಲ್ಗುಣದ ನಸುಕಿನಲ್ಲಿ ಅದರ ಹೂವು ಆರಿಸಿ ದಂಡೆ ಕಟ್ಟಲು ಆಗ ಇಲ್ಲಿ ಮಕ್ಕಳಿರಬೇಕು. ಅದು ಮರದ ಕೈಲಿಲ್ಲ, ನಮ್ಮ ಕೈಲಿದೆ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಶಾಲೆಗೆ ಗಿಡ ಕೊಡಬೇಕು ಎಂಬ ಉಮೇದು ನಿಮಗಿರಬಹುದು. ಹುಟ್ಟುಹಬ್ಬದ ನೆನಪಿಗೋ, ಹಿರಿಯರ ಹೆಸರಿನಲ್ಲೋ, ಸಂಘದ ಪರವಾಗಿಯೋ. ಸಸಿಯನ್ನು ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ, ಅದಕ್ಕೆ ಒಂದು ಗರಟೆ ಸಾಕು. ನೀವು ಜುಲೈನಲ್ಲಿ ಬರುವುದು ಬೇಡ, ಆಗ ಮಳೆಯೇ ಬರುತ್ತದೆ. ಏಪ್ರಿಲ್ ಎರಡನೆಯ ವಾರ ಬನ್ನಿ, ಸಂಜೆ ಐದರ ಮೇಲೆ. ಬರುವಾಗ ಒಂದು ಉದ್ದನೆಯ ಪೈಪು ತನ್ನಿ.